ಹೊಸದೆಂದು ಹೇಳಿ ಬಿಚ್ಚಿದ ಟ್ಯಾಂಕ್ ಕಿಟ್ ಕಳಿಸಿದ ಬಗ್ಗೆ ದೂರು

ಇಂದ: ನಿಮ್ಮ ಗ್ರಾಹಕ, ಟಿಳಕವಾಡಿ, ಬೆಳಗಾವಿ

ಗೆ: ಗ್ರಾಹಕರ ಕುಂದುಕೊರತೆ ಅಧಿಕಾರಿಗಳು

ವಿಷಯ: 1/35 ಅಳತೆಯ ಸೆಂಚುರಿಯನ್ ಯುದ್ಧ ಟ್ಯಾಂಕಿನ ಕಿಟ್ (ಬಿಡಿಭಾಗಗಳನ್ನು ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾಡೆಲ್) ವಾಪಸ್ ಪಡೆದು ಹಣ ಮರಳಿಸುವ ಕುರಿತು

ಮಾನ್ಯರೇ,

ಮೇಲಿನ ಕಿಟ್ಟನ್ನು ನಿಮ್ಮ ಆನ್‌ಲೈನ್ ಅಂಗಡಿಯಲ್ಲಿ 4,650 ರೂಪಾಯಿಗೆ ಕೊಂಡಿದ್ದೇನೆ. ಬಿಲ್ಲು, ಫೋಟೊಗಳು ಮತ್ತು ನಿಮ್ಮ ಸಿಬ್ಬಂದಿ ಜೊತೆಗಿನ ಚಾಟ್ ಲಗತ್ತಿಸಿದ್ದೇನೆ. ‘ಸಾಗಣೆಯಲ್ಲಾದ ಹಾನಿ, ಪಾರ್ಸೆಲ್ ಬಿಚ್ಚುವಾಗಿನ ವಿಡಿಯೊ ಇಲ್ಲ’ ಎಂದು ಷರಾ ಬರೆದು ಅವರು ನನ್ನ ದೂರನ್ನು ಮುಚ್ಚಿಬಿಟ್ಟಿದ್ದಾರೆ. ಇದು ಸಾಗಣೆಯಲ್ಲಿ ಆಗುವಂಥ ಹಾನಿಯೇ ಅಲ್ಲ. ಯಾಕೆಂದು ಹೇಳುತ್ತೇನೆ, ದಯವಿಟ್ಟು ಫೋಟೊ ಎದುರಿಗಿಟ್ಟುಕೊಂಡು ಓದಿ.

ಸೆಂಚುರಿಯನ್‌ಗೆ ಒಂದೊಂದು ಬದಿಗೆ ಆರು ಜೋಡಿ ಗಾಲಿ. ಕಿಟ್‌ನಲ್ಲಿ ಅವು ಗಟ್ಟಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು, ಸ್ಪ್ರೂಗೆ, ಅಂದರೆ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟಿಗೆ, ಅಂಟಿಕೊಂಡೇ ಬರುತ್ತವೆ. ಗಾಲಿಗಳ ಸುತ್ತ ಹಾಕುವ ಪಟ್ಟಿ, ಅಂದರೆ ಟ್ರ್ಯಾಕ್ ಮಾತ್ರ ಮೆತ್ತಗಿನ ವಿನೈಲ್‌ನದು. ವಿನೈಲ್ ಮೆತ್ತಗಿರಲೆಂದು ಅದರಲ್ಲಿ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ಅದು ನಿಧಾನಕ್ಕೆ ಹೊರಗೆ ಜಿನುಗಿ, ತಾಗಿಕೊಂಡಿರುವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಸೆಕೆ ಇದ್ದಲ್ಲಿ ಇನ್ನೂ ಬೇಗ. ಅದಕ್ಕೇ ಟ್ರ್ಯಾಕನ್ನು ಬೇರೆ ಚೀಲದಲ್ಲಿ ಹಾಕಿ ಕಳಿಸುವುದು. ನನಗೆ ಬಂದ ಡಬ್ಬಿಯಲ್ಲಿ ಆ ಚೀಲ ಕತ್ತರಿಯಿಂದ ನೇರವಾಗಿ ಕತ್ತರಿಸಿತ್ತು, ಟ್ರ್ಯಾಕು ಗಾಲಿಗಳ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಹನ್ನೊಂದು ಗಾಲಿಗಳ ಅಂಚು ಕರಗಿ, ಟ್ರ್ಯಾಕಿನ ಕೊಂಡಿಗಳ ಅಚ್ಚು ಸಾಲಾಗಿ ಮೂಡಿದೆ. ಮುಟ್ಟಿದರೆ ಈಗಲೂ ಜಿಗುಟು. ತಿಂಗಳುಗಟ್ಟಲೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದರೆ ಮಾತ್ರ ಹೀಗಾಗುತ್ತದೆ. ಕೊರಿಯರ್ ವ್ಯಾನಿನಲ್ಲಿ ನಾಲ್ಕಾರು ದಿನ ಕುಲುಕಾಡಿದ್ದರಿಂದ ಅಲ್ಲ.

ಇನ್ನೊಂದು ಸಾಕ್ಷಿ ಜೋಡಣೆಯ ಸೂಚನಾ ಹಾಳೆ. ಅದರ ಮೊದಲ ಎರಡು ಹಂತಗಳ ಭಾಗಗಳ ಮೇಲೆ ಯಾರೋ ಪೆನ್ಸಿಲ್‌ನಿಂದ ಟಿಕ್ ಹಾಕಿದ್ದಾರೆ! ಮಾಡೆಲ್ಲಿಗೆ ಅಂಟಿಸುವ ಗುರುತುಗಳಿರುವ ಡೆಕಾಲ್ ಹಾಳೆಯೂ ಹಳದಿಗಟ್ಟಿ ಬಿರುಕು ಬಿಟ್ಟಿದೆ. ಯಾರೋ ಬಿಚ್ಚಿ ನೋಡಿ ನಿಮಗೆ ವಾಪಸ್ ಕಳಿಸಿದ್ದಾರೆ, ನೀವು ಮೇಲೊಂದು ಪಾರದರ್ಶಕ ಟೇಪ್ ಸುತ್ತಿ ಗೋದಾಮಿನಲ್ಲಿಟ್ಟು, ಆಮೇಲೆ ‘ಹೊಚ್ಚ ಹೊಸದು’ ಎಂದು ನನಗೆ ಮಾರಿದ್ದೀರಿ ಅಂತಲೇ ನಾನು ತಿಳಿಯಬೇಕಾಗಿದೆ. ಕಿಟ್ ತಯಾರಿಸಿದ ಕಂಪನಿಯ ಮೇಲೆ ನನ್ನ ದೂರಿಲ್ಲ. ಕರಗದೆ ಉಳಿದ ಭಾಗಗಳ ಅಚ್ಚು ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ.

ಜೊತೆಗೆ ತರಿಸಿದ್ದ ಹಸಿರು ಅಕ್ರಿಲಿಕ್ ಬಣ್ಣದ ಶೀಶೆ ಸೋರಿತ್ತು. ಅದು ದಾರಿಯಲ್ಲೇ ಆಗಿರಬಹುದು, ಅದನ್ನು ಬಿಟ್ಟುಬಿಟ್ಟಿದ್ದೇನೆ.

ಡೆಕಾಲ್ ಹಾಳೆಯನ್ನು ಕಿಟಕಿ ಗಾಜಿಗೆ ಅಂಟಿಸಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ ಎಂದು ನಿಮ್ಮ ಸಿಬ್ಬಂದಿ ಉಪದೇಶ ಮಾಡಿದರು. ಹಳದಿ ಹೋಗುವುದು ನಿಜ, ಬಿರುಕು ಹೋಗುವುದಿಲ್ಲ. ಅದೂ ಬೆಳಗಾವಿಯ ಜುಲೈ ತಿಂಗಳಲ್ಲಿ ಬಿಸಿಲು! ಇಲ್ಲಿ ಹೊರಗೆ ಹಾಕಿದ ಅರಿವೆಯೇ ಒಣಗುತ್ತಿಲ್ಲ. ಕರಗಿದ ಗಾಲಿಗೆ ಪುಟ್ಟಿ ಹಚ್ಚಿ ಉಜ್ಜಿಕೊಳ್ಳಿ ಎಂದೂ ಹೇಳಿದರು. ಚಪ್ಪಟೆ ಮೈಯಾಗಿದ್ದರೆ ನಾನೇ ಮಾಡಿಕೊಳ್ಳುತ್ತಿದ್ದೆ. ಹನ್ನೊಂದು ಗಾಲಿಗಳ ಅಂಚನ್ನು ಕೈಯಿಂದ ಉಜ್ಜಿ ಒಂದೇ ಸಮ ದುಂಡಗೆ ಮಾಡುವುದು ಹೇಗೆ ಅಂತ ಅವರೇ ತೋರಿಸಲಿ.

ಈ ಮಾಡೆಲ್ಲಿನ ಮೇಲೆ ನಾನು ಬರೆಯಬೇಕೆಂದಿದ್ದ ಹೆಸರು ‘ಫಾಮಾಗುಸ್ತಾ’. 1971ರ ಡಿಸೆಂಬರ್ 16ರಂದು ಭಾರತ-ಪಾಕಿಸ್ತಾನ ಯುದ್ಧದ ಬಸಂತರ್ ಕಾಳಗದಲ್ಲಿ ನಮ್ಮ ಸೈನ್ಯದ ಪೂನಾ ಹಾರ್ಸ್ ಟ್ಯಾಂಕ್ ದಳದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಕೊನೆಯತನಕ ಬಿಡದೆ ಹೋರಾಡಿದ ಸೆಂಚುರಿಯನ್ ಅದು. ಆಗ ಅವರ ವಯಸ್ಸು 21, ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಕಿಟ್‌ನ ಡೆಕಾಲ್‌ನಲ್ಲಿ ಇರುವುದು ಬ್ರಿಟಿಷ್ ಗುರುತುಗಳು, ಹಾಗಾಗಿ ನಮ್ಮ ಸೈನ್ಯದ ಗುರುತುಗಳನ್ನು ಹೇಗೂ ಕುಂಚದಲ್ಲೇ ಬರೆಯುವವನಿದ್ದೆ. ಮಾಡುತ್ತಿದ್ದುದು ನಮ್ಮ ಕಾಕಾ ಅವರಿಗಾಗಿ. ಅವರು ಸೈನ್ಯದಲ್ಲಿ ಇಂಥದೇ ಟ್ಯಾಂಕ್ ಓಡಿಸಿದವರು. ಡಬ್ಬಿಯೊಳಗಿನ ಗಾಲಿ ಎತ್ತಿ ಬೆಳಕಿಗೆ ಹಿಡಿದು, “ಏನಪಾ, ಇದನ್ನ ಇಲಿ ಕಡದಾವೇನು?” ಅಂದರು.

ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿರದ ಸರಕನ್ನು ಮಾರಿದವರು ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಅಲ್ಲಿದೆ. ವಿಡಿಯೊ ಬೇಕೆಂಬುದು ನೀವು ಮಾಡಿಕೊಂಡ ಷರತ್ತು. ಕತ್ತರಿಸಿದ ಚೀಲ, ಟಿಕ್ ಹಾಕಿದ ಹಾಳೆ, ಕರಗಿದ ಗಾಲಿ ನನ್ನ ಮೇಜಿನ ಮೇಲೆಯೇ ಇವೆ, ಯಾರನ್ನಾದರೂ ಕಳಿಸಿ ನೋಡಬಹುದು.

ಮೊದಲು ಗಾಲಿಯ ಸ್ಪ್ರೂ ಮತ್ತು ಟ್ರ್ಯಾಕ್ ಅಷ್ಟೇ ಕಳಿಸಿದರೆ ಸಾಕು ಅಂದಿದ್ದೆ. ಈಗ ಅದಕ್ಕೆ ಒಪ್ಪಲಾರೆ. ಇನ್ನೊಬ್ಬರ ಕೈಯಾಡಿದ ಡಬ್ಬಿಯಲ್ಲಿ ಇನ್ನೇನೇನು ಕಳೆದಿದೆಯೋ ಯಾರಿಗೆ ಗೊತ್ತು? ಪೂರ್ತಿ 4,650 ರೂಪಾಯಿ ಮರಳಿಸಿ, ಕಿಟ್ಟನ್ನು ನಿಮ್ಮ ಖರ್ಚಿನಲ್ಲಿ ಒಯ್ಯಿರಿ. ‘ನಿಮ್ಮ ಪಿನ್‌ಕೋಡ್‌ಗೆ ವಾಪಸಾತಿ ಸೌಲಭ್ಯವಿಲ್ಲ’ ಎಂಬ ಉತ್ತರ ಬೇಡ, ತಂದುಕೊಡಲು ಇದ್ದ ದಾರಿ ಒಯ್ಯಲೂ ಇರುತ್ತದೆ. ಒಂದು ತಿಂಗಳೊಳಗೆ ಇತ್ಯರ್ಥವಾಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕ ವಾಸವಿರುವ ಊರಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ, 5 ಲಕ್ಷ ರೂಪಾಯಿವರೆಗೆ ಶುಲ್ಕವೂ ಇಲ್ಲ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಗಾಲಿ, ಚೀಲ ಮತ್ತು ಸೂಚನಾ ಹಾಳೆಯ ಫೋಟೊಗಳು, ಚಾಟ್‌ನ ಪ್ರತಿ