ಟುವಾನೇ ಸರಿ, ಆದರೆ ಜೇಲನ್‌ನನ್ನು ಕೇಳಬೇಕಿತ್ತು

ಮಾನ್ಯ ಸಂಪಾದಕರೇ,

ಜೇಲನ್ ಹರ್ಟ್ಸ್ 2025ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಫೈನಲ್ ಸೂಪರ್ ಬೌಲ್ ಗೆದ್ದ ಮೇಲೆ ಓದುಗರೊಬ್ಬರು ಬರೆದ ಪತ್ರ ನೋಡಿದೆ. ಇಂಥ ಆಟಗಾರನನ್ನು ಅಲಬಾಮಾ ವಿಶ್ವವಿದ್ಯಾಲಯದ ಆಗಿನ ಕೋಚ್ ನಿಕ್ ಸೇಬನ್ ಬೆಂಚಿನಲ್ಲಿ ಕೂರಿಸಿದ್ದು ಅನ್ಯಾಯ ಎನ್ನುವುದು ಅವರ ಮಾತು. ನಾನು ಆಗ ಆ ವಿಶ್ವವಿದ್ಯಾಲಯವಿರುವ ಟಸ್ಕಲೂಸಾದಲ್ಲಿ ಎಂ.ಎಸ್. ಓದುತ್ತಿದ್ದೆ. ಈ ಜಗಳ ನಮ್ಮ ಅಡುಗೆಮನೆಯಲ್ಲಿ ದಿನಾ ನಡೆಯುತ್ತಿತ್ತು. ರೂಮ್‌ಮೇಟ್ ಜೇಲನ್ ಕಡೆ, ನಾನು ಅವನ ಜಾಗಕ್ಕೆ ಬಂದ ಟುವಾ ಟಗೊವೈಲೊವಾ ಕಡೆ. ಇವತ್ತಿಗೂ ಅಲ್ಲೇ ಇದ್ದೇನೆ.

ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡು ಎಸೆದು ಆಟ ನಡೆಸುವವರು. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಒಬ್ಬನಿಗೇ ಜಾಗ. 2018ರ ಜನವರಿ 8, ಅಟ್ಲಾಂಟಾದಲ್ಲಿ ಕಾಲೇಜು ತಂಡಗಳ ರಾಷ್ಟ್ರೀಯ ಫೈನಲ್. ಅರ್ಧ ಆಟ ಮುಗಿದಾಗ ಎದುರಾಳಿ ಜಾರ್ಜಿಯಾ 13, ನಾವು ಸೊನ್ನೆ. ಜೇಲನ್ ಎಸೆದ 8 ಪಾಸ್‌ಗಳಲ್ಲಿ ಕೈಸೇರಿದ್ದು 3, ಸಿಕ್ಕಿದ್ದು 21 ಗಜ. ಓಡುವುದರಲ್ಲಿ ಅವನು ಗಟ್ಟಿಗ. ಆ ದಾರಿ ಮುಚ್ಚಿದ ಮೇಲೆ ಎಸೆಯುವವನೇ ಬೇಕಿತ್ತು ಅಲ್ವಾ? ಮೊದಲ ವರ್ಷದ ಹುಡುಗ ಟುವಾ ಇಳಿದ. ಓವರ್‌ಟೈಮ್‌ನಲ್ಲಿ ಸಿಕ್ಕಿಬಿದ್ದು 16 ಗಜ ಕಳೆದುಕೊಂಡ. ಮರು ಆಟಕ್ಕೇ ನಮ್ಮ ತಂಡದ ಡಿವಾಂಟಾ ಸ್ಮಿತ್‌ಗೆ 41 ಗಜದ ಟಚ್‌ಡೌನ್ (ಚೆಂಡು ಕೊನೆಯ ಗೆರೆ ದಾಟಿ ಅಂಕ ತರುವ ಪಾಸ್) ಎಸೆದ. 26–23, ಗೆದ್ದೆವು. ಮುಂದಿನ ಸೀಸನ್‌ನಲ್ಲಿ ಅವನ ಟಚ್‌ಡೌನ್ ಪಾಸ್‌ಗಳು 43.

ಆ ಸೂಪರ್ ಬೌಲ್‌ನಲ್ಲಿ ಜೇಲನ್ ಎಸೆದ 46 ಗಜದ ಟಚ್‌ಡೌನ್ ಹಿಡಿದವನೂ ಅದೇ ಸ್ಮಿತ್. ನೋಡಿ ತುಂಬಾ ಖುಷಿಯಾಯಿತು. ಆದರೆ ಆ ಎಸೆತ ಏಳು ವರ್ಷ ದುಡಿದು ಸಂಪಾದಿಸಿದ್ದು. 2018ರ ತಂಡವನ್ನು 2025ರ ಜೇಲನ್ ತೋರಿಸಿ ಅಳೆಯುವುದು ಸರಿಯಲ್ಲ.

ನನ್ನ ತಕರಾರು ಬೇರೆ. 2018ರ ಆಗಸ್ಟ್‌ನಲ್ಲಿ ಜೇಲನ್ ಪತ್ರಕರ್ತರ ಮುಂದೆ ಬಾಯಿಬಿಟ್ಟು ಹೇಳಿದ: ಇಷ್ಟು ತಿಂಗಳು ನಿನಗೆ ಹೇಗನಿಸುತ್ತಿದೆ ಎಂದು ಕೋಚ್‌ಗಳೂ ಸೇರಿ ಯಾರೂ ಬಂದು ಕೇಳಲಿಲ್ಲ. ಸ್ಟಾರ್ಟ್ ಮಾಡಿದ 28 ಪಂದ್ಯಗಳಲ್ಲಿ 26 ಗೆದ್ದಿದ್ದ ಹುಡುಗ ಅವನು. ಜಾಗ ಕಿತ್ತುಕೊಳ್ಳಬಹುದು. ಕೂರಿಸಿಕೊಂಡು ಮಾತಾಡಲು ಏನು ಕಷ್ಟ? ಓದುಗರು ಅನ್ಯಾಯ ಎನ್ನಬೇಕಾದದ್ದು ಇದನ್ನು.

ಆದರೂ ಅವನು ಆ ವರ್ಷ ತಂಡ ಬಿಡಲಿಲ್ಲ. ಡಿಸೆಂಬರ್ 1ರಂದು ಅದೇ ಅಟ್ಲಾಂಟಾ, ಅದೇ ಜಾರ್ಜಿಯಾ. ಟುವಾ ಕಾಲಿಗೆ ಪೆಟ್ಟಾಗಿ ಹೊರಬಂದಾಗ 21–28ರಿಂದ ಹಿಂದಿದ್ದೆವು. ಜೇಲನ್ ಇಳಿದ. ಒಂದು ಟಚ್‌ಡೌನ್ ಎಸೆದ, ಕೊನೆಯದನ್ನು ತಾನೇ ಓಡಿ ಮುಗಿಸಿದ. 35–28. ರೂಮ್‌ಮೇಟ್ ಜೋರಾಗಿ ಅತ್ತಳು. ಟುವಾ ಕಡೆಯ ನಾನೂ ಅತ್ತೆ.

– ಓದುಗರೊಬ್ಬರು, ಶಿವಮೊಗ್ಗ