ಇನ್ನಷ್ಟು ಸೈನಿಕರು ಯಾಕೆ? ಅಳಿಯನಿಗೆ ಒಂದು ಕಾಗದ

ವಿನೋಬನಗರ, ದಾವಣಗೆರೆ

ಚಿರಂಜೀವಿ ಕಿರಣನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮಂಡಿ ನೋವು ಈಗ ಪರವಾಗಿಲ್ಲ. ಸೈನ್ಯಕ್ಕೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದ ತಯಾರಿಗೆ ಅಂತ ನೀನು ಬರೆದ ಪ್ರಬಂಧ ಬಂತು, ಓದಿದೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಇದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನೂ ಕೂತು ಓದು.

ನೀನು ಸೈನ್ಯಕ್ಕೆ ಸೇರಬೇಕು ಅಂತ ಹೊರಟಿರುವುದು ನನಗೆ ತುಂಬಾ ಸಂತೋಷದ ವಿಷಯ. ನಾನು ಅದೇ ಅನ್ನ ಉಂಡವನು. ನಿಮ್ಮಮ್ಮ ಹೆದರಿಕೊಂಡು ನನಗೆ ಫೋನ್ ಮಾಡಿದಾಗಲೂ ನಿನ್ನ ಪರವಾಗಿಯೇ ಮಾತಾಡಿದೆ. ಹಾಗಾಗಿ ಮುಂದೆ ನಾನು ಬರೆಯುವುದನ್ನು ನಿನ್ನನ್ನು ಹಿಂದಕ್ಕೆ ಎಳೆಯುವ ಮಾತು ಅಂತ ತಿಳಿಯಬೇಡ.

ನಿನ್ನ ಪ್ರಬಂಧದ ಮೂರನೇ ಪ್ಯಾರಾದಲ್ಲಿ ಹೀಗಿದೆ: "ವಿಯೆಟ್ನಾಂ, ಅಫ್ಘಾನಿಸ್ತಾನ, ಶ್ರೀಲಂಕಾ, ಮೂರೂ ಕಡೆ ಸೋಲಿಗೆ ಕಾರಣ ಒಂದೇ. ಸಾಕಷ್ಟು ಸೈನಿಕರನ್ನು ಕಳಿಸಲಿಲ್ಲ." ಇದನ್ನು ನಾನು ಒಪ್ಪುವುದಿಲ್ಲ ಕಿರಣ. ಸುಮ್ನೆ ವಾದಕ್ಕೆ ಹೇಳುತ್ತಿಲ್ಲ. ಈ ಮಾತನ್ನು ಹಾಗೇ ನಂಬಿಕೊಂಡು ಮುಂದೆ ನೀನು ಅಧಿಕಾರಿಯಾದರೆ ಅದರ ಭಾರ ಬೇರೆ ಮನೆಯ ಮಕ್ಕಳ ಮೇಲೆ ಬೀಳುತ್ತದೆ.

ವಿಯೆಟ್ನಾಂನಿಂದಲೇ ಶುರು ಮಾಡೋಣ. ಅಲ್ಲಿ ಉತ್ತರದ ಕಮ್ಯುನಿಸ್ಟರ ವಿರುದ್ಧ ದಕ್ಷಿಣದ ಸರ್ಕಾರದ ಬೆನ್ನಿಗೆ ಅಮೆರಿಕ ನಿಂತಿತ್ತು. 1965ರ ಮಾರ್ಚ್ 8ರಂದು ದನಾಂಗ್‌ನಲ್ಲಿ ಇಳಿದ ಅಮೆರಿಕದ ಮರೀನ್ ಸೈನಿಕರು ಸುಮಾರು 3500 ಜನ. ಅವರಿಗೆ ಕೊಟ್ಟ ಕೆಲಸ ವಿಮಾನ ನೆಲೆ ಕಾಯುವುದು. ಕಾಯುವವರ ಮೇಲೆ ದಾಳಿಯ ಭಯ ಬಂತು, ಅವರ ರಕ್ಷಣೆಗೆ ಅಂತ ಇನ್ನಷ್ಟು ಜನ ಬಂದರು. ಕೂತು ಕಾದರೆ ಆಗಲ್ಲ, ಹುಡುಕಿಕೊಂಡು ಹೋಗಿ ಹೊಡೆಯಬೇಕು ಅಂತ ಮತ್ತಷ್ಟು ಜನ ಬಂದರು. ಆ ವರ್ಷ ಮುಗಿಯುವಷ್ಟರಲ್ಲಿ ಸಂಖ್ಯೆ 1 ಲಕ್ಷ 80 ಸಾವಿರ ದಾಟಿತ್ತು. 1969ರಲ್ಲಿ 5 ಲಕ್ಷ 40 ಸಾವಿರ. ಇದು ಸಾಕಷ್ಟು ಅಲ್ಲ ಅಂದರೆ ಸಾಕಷ್ಟು ಅಂದರೆ ಎಷ್ಟು? ಕೊನೆಗೆ 58 ಸಾವಿರಕ್ಕೂ ಜಾಸ್ತಿ ಅಮೆರಿಕನ್ನರು ಸತ್ತರು. ವಿಯೆಟ್ನಾಂ ಜನ ಸತ್ತದ್ದು ಲಕ್ಷಗಟ್ಟಲೆ.

ಸಂಖ್ಯೆ ಏರುತ್ತಾ ಹೋದ ಹಾಗೆ ಕಾರಣ ಏನಾಯಿತು ಅನ್ನುವುದನ್ನು ನೀನು ನೋಡಬೇಕು. ಶುರುವಿನಲ್ಲಿ ಹೇಳಿದ ಕಾರಣ ಉತ್ತರ ವಿಯೆಟ್ನಾಂ ಪಕ್ಕದ ಸಮುದ್ರದಲ್ಲಿ, ಟೊಂಕಿನ್ ಕೊಲ್ಲಿಯಲ್ಲಿ, ಅಮೆರಿಕದ ಹಡಗುಗಳ ಮೇಲೆ ನಡೆದ ದಾಳಿ. 1964ರ ಆಗಸ್ಟ್ 4ರಂದು ಎರಡನೇ ದಾಳಿ ಆಯಿತು ಅಂದರು. ಅಂಥ ದಾಳಿ ನಡೆದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವರ ಪಾರ್ಲಿಮೆಂಟಿನ ಮೇಲ್ಮನೆಯಾದ ಸೆನೆಟ್, ದೇಶದ ಅಧ್ಯಕ್ಷ ಜಾನ್ಸನ್ ಕೈಗೆ ಪೂರ್ತಿ ಅಧಿಕಾರ ಕೊಟ್ಟಾಗಿತ್ತು. ವಿರೋಧ ಮಾಡಿದವರು ಇಬ್ಬರೇ. ಈ ಯುದ್ಧದ ಬಗ್ಗೆ ಅವರ ಸರ್ಕಾರದ ಒಂದು ಗುಟ್ಟಿನ ಕಡತವೂ 1971ರಲ್ಲಿ ಪತ್ರಿಕೆಗಳ ಮೂಲಕ ಹೊರಬಂತು. ರಕ್ಷಣಾ ಇಲಾಖೆಯ ದೊಡ್ಡ ಅಧಿಕಾರಿ ಜಾನ್ ಮೆಕ್‌ನಾಟನ್ 1965ರ ಮಾರ್ಚ್‌ನಲ್ಲೇ ತಮ್ಮ ದೇಶದ ಗುರಿಗಳನ್ನು ಶೇಕಡಾವಾರು ಹಾಕಿ ಬರೆದಿದ್ದ ಟಿಪ್ಪಣಿ ಅದರಲ್ಲಿತ್ತು. ಶೇ. 70 ಭಾಗ ಸೋತು ಅವಮಾನ ಆಗುವುದನ್ನು ತಪ್ಪಿಸಲು. ಶೇ. 20 ಭಾಗ ಆ ನೆಲ ಚೀನಾದ ಕೈಗೆ ಹೋಗದಿರಲು. ಅಲ್ಲಿಯ ಜನ ಸ್ವತಂತ್ರವಾಗಿ ಚೆನ್ನಾಗಿ ಬದುಕಲಿ ಅನ್ನುವುದಕ್ಕೆ ಶೇ. 10. ಊರೂರಲ್ಲಿ ತಾಯಂದಿರಿಗೆ ಹೇಳಿದ್ದು ಆ ಹತ್ತರ ಮಾತು. ಮಕ್ಕಳನ್ನು ಕಳಿಸಿದ್ದು ಆ ಎಪ್ಪತ್ತಕ್ಕೆ. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ಉರಿದಿತ್ತು. ಈಗಲೂ ಉರಿಯುತ್ತದೆ.

ನಿಮ್ಮ ಹೊಳಲ್ಕೆರೆ ಕಡೆ ತೋಟದವರು ಬೋರ್‌ವೆಲ್ ಕೊರೆಸುವುದು ನೋಡಿದ್ದೀಯಲ್ಲ. 600 ಅಡಿಗೆ ಬರೀ ಧೂಳು ಬಂದರೂ ಗಾಡಿ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಇಷ್ಟು ದುಡ್ಡು ಸುರಿದಾಗಿದೆ, ಇನ್ನೊಂದು 100 ಅಡಿ ಹೋಗಲಿ ಅನ್ನುತ್ತಾರೆ. ಆಗ ಕೊರೆಸುತ್ತಿರುವುದು ನೀರು ಇದೆ ಅಂತಲ್ಲ, ದುಡ್ಡು ಹೋಗಿದೆ ಅಂತ. ಯುದ್ಧದಲ್ಲೂ ಹೀಗೆ ಆಗುತ್ತದೆ. ಹೋದವರ ಪ್ರಾಣ ವ್ಯರ್ಥ ಆಗಬಾರದು ಅಂತ ಇನ್ನಷ್ಟು ಜನರನ್ನು ಕಳಿಸುತ್ತಾರೆ. ಮೊದಲ ತಂಡವನ್ನು ಯಾವ ಕಾರಣಕ್ಕೆ ಕಳಿಸಿದರೋ ಅದು ಎಲ್ಲೋ ಕಳೆದುಹೋಗಿರುತ್ತದೆ. ಎರಡನೇ ತಂಡಕ್ಕೆ ಮೊದಲ ತಂಡವೇ ಕಾರಣ.

ಈ ಸುಳಿಯನ್ನು ತಡೆದು ನಿಲ್ಲಿಸಿದ ಒಬ್ಬರ ಕಥೆ ನಿನಗೆ ಗೊತ್ತಿರಬೇಕು. 1968ರ ಶುರುವಿನಲ್ಲಿ ಉತ್ತರ ವಿಯೆಟ್ನಾಂ ಕಡೆಯವರು ದಕ್ಷಿಣದ ಊರುಗಳ ಮೇಲೆ ಒಟ್ಟಿಗೇ ನಡೆಸಿದ ಟೆಟ್ ದಾಳಿ ಆದ ಮೇಲೆ ಅಮೆರಿಕದ ಜನರಲ್‌ಗಳು ಇನ್ನೂ 2 ಲಕ್ಷ 6 ಸಾವಿರ ಸೈನಿಕರು ಬೇಕು ಅಂತ ಕೇಳಿದರು. ಆ ವರ್ಷದ ಮಾರ್ಚ್‌ನಲ್ಲಿ ಕ್ಲಾರ್ಕ್ ಕ್ಲಿಫರ್ಡ್ ರಕ್ಷಣಾ ಮಂತ್ರಿಯಾಗಿ ಬಂದರು. ಅವರೇನು ಶಾಂತಿವಾದಿಯಲ್ಲ. ಅಲ್ಲಿಯವರೆಗೆ ಯುದ್ಧ ಮುಂದುವರಿಯಲಿ ಅಂತಲೇ ಹೇಳುತ್ತಿದ್ದವರು. ಬಂದವರು ಸೇನೆಯ ಹಿರಿಯರನ್ನು ಕೂರಿಸಿಕೊಂಡು ನೇರವಾಗಿ ಕೇಳಿದರು. ಈ 2 ಲಕ್ಷ ಜನ ಹೋದರೆ ಕೆಲಸ ಮುಗಿಯುತ್ತದಾ? ಮುಗಿಯದಿದ್ದರೆ ಇನ್ನೆಷ್ಟು ಬೇಕು? ಎಷ್ಟು ದಿನ? ಗೆಲ್ಲುವ ಯೋಜನೆ ಏನು? ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ. ಅಷ್ಟು ವರ್ಷ ಈ ಪ್ರಶ್ನೆಗಳನ್ನು ಕೇಳಿದವರು ಇರಲಿಲ್ಲ ಅಂತಲ್ಲ. ವಿದೇಶಾಂಗ ಇಲಾಖೆಯ ಜಾರ್ಜ್ ಬಾಲ್ 1965ರಲ್ಲೇ ಎಚ್ಚರಿಸಿದ್ದರು. ಒಮ್ಮೆ ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಸಾಯಲು ಶುರುವಾದರೆ ಹಿಂದೆ ಬರುವ ದಾರಿಯೇ ಮುಚ್ಚುತ್ತದೆ ಅಂತ ಬರೆದುಕೊಟ್ಟಿದ್ದರು. ಅವರ ಮಾತು ನಡೆಯಲಿಲ್ಲ. ಕ್ಲಿಫರ್ಡ್ ಕೇಳಿದ ಮೇಲೆ ಅಷ್ಟು ದೊಡ್ಡ ತಂಡ ಹೋಗಲಿಲ್ಲ. ಮಾರ್ಚ್ 31ಕ್ಕೆ ಅಧ್ಯಕ್ಷ ಜಾನ್ಸನ್ ಬಾಂಬ್ ದಾಳಿ ಕಡಿಮೆ ಮಾಡುತ್ತೇನೆ, ಮುಂದಿನ ಚುನಾವಣೆಗೂ ನಿಲ್ಲುವುದಿಲ್ಲ ಅಂದರು.

ಇನ್ನು ಲಂಕೆ. ಇದನ್ನು ನಾನು ಪುಸ್ತಕ ನೋಡಿ ಹೇಳಬೇಕಾಗಿಲ್ಲ.

1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಲಂಕೆಯ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮನ್ನು ಕಳಿಸಿದ್ದು ಶಾಂತಿ ಕಾಯಲು, ತಮಿಳು ಬಂಡುಕೋರ ಹುಡುಗರು ಒಪ್ಪಿಸುವ ಆಯುಧ ತೆಗೆದುಕೊಳ್ಳಲು. ಜಾಫ್ನಾದ ಜನ ಹಾರ ಹಾಕಿ ಬರಮಾಡಿಕೊಂಡರು. ಅಕ್ಟೋಬರ್ ಹೊತ್ತಿಗೆ ಅದೇ ಬೀದಿಯಲ್ಲಿ ನಮಗೂ ಎಲ್‌ಟಿಟಿಇಗೂ ಯುದ್ಧ. ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರಿನಲ್ಲಿ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ ಬದುಕಿ ಉಳಿದವನು ಒಬ್ಬನೇ.

ನಾನು ಬಂದೂಕು ಹಿಡಿದು ಮುಂದೆ ನಿಂತವನಲ್ಲ. ನನ್ನದು ರೇಷನ್ ಕೆಲಸ, ಪಲಾಲಿ ವಿಮಾನ ನೆಲೆಯ ಹತ್ತಿರ. ಹಿಟ್ಟು, ಅಕ್ಕಿ, ಬೇಳೆ, ಈರುಳ್ಳಿ, ಹಾಲಿನ ಪುಡಿ. ಯಾವ ಕಂಪನಿಯಲ್ಲಿ ಎಷ್ಟು ಜನ ಅಂತ ದಿನಾ ಲೆಕ್ಕ ಬರುತ್ತಿತ್ತು, ಅದರಂತೆ ತೂಗಿ ಕಳಿಸುತ್ತಿದ್ದೆವು. ಆ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದಿಳಿದವರ ಸಂಖ್ಯೆ ದಿನದಿನಕ್ಕೆ ಏರಿತು. ಜೊತೆಗೇ ಬೆಳಿಗ್ಗೆ ತೂಗಿ ಕಳಿಸಿದ ಮೂಟೆ ಸಂಜೆ ಹೊಲಿಗೆ ಬಿಚ್ಚದೆ ವಾಪಸ್ ಬರುವುದೂ ಜಾಸ್ತಿಯಾಯಿತು. ಉಣ್ಣಬೇಕಾದವರು ಇರಲಿಲ್ಲ. ಹೊಸಬರನ್ನು ಇಳಿಸಿದ ವಿಮಾನದಲ್ಲೇ ಗಾಯಾಳುಗಳನ್ನು ಕಳಿಸುತ್ತಿದ್ದರು. ಇಳಿದ ಹುಡುಗರು ಕಿಟ್‌ಬ್ಯಾಗ್ ಹೆಗಲಿಗೆ ಹಾಕಿಕೊಂಡು ಸ್ಟ್ರೆಚರ್‌ಗಳಿಗೆ ದಾರಿ ಬಿಟ್ಟು ಬದಿಗೆ ನಿಲ್ಲುತ್ತಿದ್ದರು. ಅವರಲ್ಲಿ ನಿನ್ನ ವಯಸ್ಸಿನವರೇ ಬಹಳ ಜನ.

ಸಾವಿರಾರು ಜನರ ಒಂದು ಡಿವಿಷನ್‌ನಿಂದ ಶುರುವಾದದ್ದು ನಾಲ್ಕು ಡಿವಿಷನ್ ಆಯಿತು. ಜಾಫ್ನಾ ಪಟ್ಟಣವನ್ನು ಹಿಡಿದೆವು, ನಮ್ಮವರ ಧೈರ್ಯಕ್ಕೆ ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಹಿಡಿದ ಮೇಲೆ ಮುಂದೇನು ಅನ್ನುವುದಕ್ಕೆ ಉತ್ತರ ಇರಲಿಲ್ಲ. 1989ರಲ್ಲಿ ಲಂಕೆಯ ಹೊಸ ಅಧ್ಯಕ್ಷ ಪ್ರೇಮದಾಸ ನಮ್ಮನ್ನು ಹೊರಡಿ ಅಂದರು. ಅಷ್ಟೇ ಅಲ್ಲ, ನಮ್ಮ ವಿರುದ್ಧ ಹೋರಾಡುತ್ತಿದ್ದ ಎಲ್‌ಟಿಟಿಇಗೆ ಅವರ ಸರ್ಕಾರದಿಂದಲೇ ಆಯುಧ ಹೋಯಿತು. ಯಾರ ದೇಶವನ್ನು ಒಟ್ಟಾಗಿ ಇಡಲು ಹೋಗಿದ್ದೆವೋ ಅವರಿಗೇ ನಾವು ಬೇಡವಾಗಿದ್ದೆವು. 1990ರ ಮಾರ್ಚ್ 24ರಂದು ಕೊನೆಯ ತಂಡ ಹಡಗು ಹತ್ತಿತು. ಸುಮಾರು 1200 ಜನ ನಮ್ಮವರು ವಾಪಸ್ ಬರಲಿಲ್ಲ. ಹೇಳು, ಐದನೇ ಡಿವಿಷನ್ ಹೋಗಿದ್ದರೆ ಯಾವುದು ಬದಲಾಗುತ್ತಿತ್ತು? ನನ್ನ ಲೆಕ್ಕದಲ್ಲಿ ಬಿಚ್ಚದ ಮೂಟೆಗಳು ಜಾಸ್ತಿಯಾಗುತ್ತಿದ್ದವು.

ನೀನು ಬುದ್ಧಿವಂತ, ಇರಾಕ್ ಎತ್ತುತ್ತೀಯ ಅಂತ ಗೊತ್ತು. 2007ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅಲ್ಲಿಗೆ 20 ಸಾವಿರಕ್ಕೂ ಜಾಸ್ತಿ ಸೈನಿಕರನ್ನು ಹೊಸದಾಗಿ ಕಳಿಸಿದರು, ಆಮೇಲೆ ಹಿಂಸೆ ಕಡಿಮೆಯಾಯಿತು. ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದೇ ಹೊತ್ತಿಗೆ ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟಿನವರು ಅಲ್ ಖೈದಾ ವಿರುದ್ಧ ತಿರುಗಿಬಿದ್ದಿದ್ದರು. ಶಿಯಾ ನಾಯಕ ಮುಕ್ತದಾ ಅಲ್ ಸದರ್ ತನ್ನ ಪಡೆಗೆ ಗುಂಡು ನಿಲ್ಲಿಸಲು ಹೇಳಿದ್ದ. ಬರೀ ತಲೆ ಎಣಿಕೆಯಿಂದ ಆದದ್ದಲ್ಲ. ಸೈನಿಕರು ಗಳಿಸಿಕೊಟ್ಟ ಆ ಸಮಯದಲ್ಲಿ ರಾಜಕಾರಣಿಗಳು ಒಂದಾಗಲಿಲ್ಲ. 2014ರ ಜೂನ್‌ನಲ್ಲಿ ಮೊಸುಲ್ ನಗರ ಐಸಿಸ್ ಕೈಗೆ ಹೋಯಿತು. ಅಫ್ಘಾನಿಸ್ತಾನದ್ದಂತೂ ನಿನ್ನ ಕಣ್ಣೆದುರೇ ಆಗಿದ್ದು. 2009ರ ಡಿಸೆಂಬರ್‌ನಲ್ಲಿ ಒಬಾಮಾ 30 ಸಾವಿರ ಜನರನ್ನು ಕಳಿಸುವುದಾಗಿ ಹೇಳಿದರು, ಒಟ್ಟು ಸುಮಾರು 1 ಲಕ್ಷ ಆಯಿತು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್‌ಗೆ ಬಂತು.

ಹಾಗಂತ ಹೊರದೇಶಕ್ಕೆ ಸೈನ್ಯ ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. 1971ರಲ್ಲಿ ಹೋದೆವು. ಡಿಸೆಂಬರ್ 3ರಿಂದ 16, ಹದಿಮೂರು ದಿನ. ಏನು ಆಗಬೇಕು ಅಂತ ಗೊತ್ತಿತ್ತು, ಆಯಿತು. ಮುಂದಿನ ಮಾರ್ಚ್ ಹೊತ್ತಿಗೆ ನಮ್ಮ ಸೈನ್ಯ ಬಾಂಗ್ಲಾದೇಶದಿಂದ ವಾಪಸ್ ಬಂದಿತ್ತು. ಇನ್ನೊಂದು ಸಲ ಹೋಗದೆ ಇದ್ದದ್ದೂ ಇದೆ. 2003ರಲ್ಲಿ ಇರಾಕ್‌ಗೆ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿತು. ದೆಹಲಿಯಲ್ಲಿ ಕಳಿಸೋಣ ಅನ್ನುವವರೂ ಇದ್ದರು. ವಾಜಪೇಯಿ ಸರ್ಕಾರ ವಿಚಾರ ಮಾಡಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಆಗುವುದಿಲ್ಲ ಅಂತ ಜುಲೈ 14ರಂದು ಹೇಳಿತು. ಆ ಒಂದು ನಿರ್ಧಾರದಿಂದ ಎಷ್ಟು ಮನೆಗಳ ದೀಪ ಉಳಿಯಿತೋ. ಇದನ್ನು ನಿನ್ನ ಪ್ರಬಂಧದಲ್ಲಿ ಎಲ್ಲೂ ಬರೆದಿಲ್ಲ. ಬರೆಯಲೇಬೇಕಾದದ್ದು ಇದು.

ಒನಕೆ ಓಬವ್ವನನ್ನು ಮಾತ್ರ ಎರಡು ಸಲ ತಂದಿದ್ದೀಯ. ಚಿತ್ರದುರ್ಗದವನು, ತರಲೇಬೇಕು. ಆದರೆ ಅವಳನ್ನು ತಂದ ಜಾಗ ಸರಿಯಿಲ್ಲ. ಓಬವ್ವ ನಿಂತದ್ದು ತನ್ನ ಕೋಟೆಯ ಒಳಗೆ. ಯಾಕೆ ಹೊಡೆಯುತ್ತಿದ್ದೇನೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಡ ಮನೆಯಲ್ಲಿ ಊಟಕ್ಕೆ ಕೂತಿದ್ದ, ಹಿಂದೆ ಇಡೀ ಊರು ಇತ್ತು. ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತಲೆ ಹಾಕಿದವರು ಹೈದರಾಲಿಯ ಸೈನಿಕರು, ಎಲ್ಲಿಂದಲೋ ಬಂದವರು. ಮುಂದೆ ಹೋದವನು ಏನಾದ ಅಂತ ಹಿಂದಿನವನಿಗೆ ಕಾಣುತ್ತಿರಲಿಲ್ಲ. ಪರದೇಶದ ಯುದ್ಧಕ್ಕೆ ಇನ್ನಷ್ಟು ಜನ ಹೋಗಲಿ ಅನ್ನುವಾಗ ನಾವು ನಮ್ಮ ಹುಡುಗರನ್ನು ನಿಲ್ಲಿಸುವುದು ಕಿಂಡಿಯ ಆ ಕಡೆ. ಮುಂದಿನ ಸಲ ಕೋಟೆ ಹತ್ತಿದಾಗ ಅಲ್ಲಿ ನಿಂತು ಇದನ್ನು ಯೋಚನೆ ಮಾಡು.

ಇಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಟಿವಿ ನೋಡುತ್ತಾ "ನುಗ್ಗಿಸಬೇಕು ಸೈನ್ಯನಾ" ಅನ್ನುವವರನ್ನು ದಿನಾ ನೋಡುತ್ತೇನೆ. ಅವರೇನು ಕೆಟ್ಟವರಲ್ಲ. ಆದರೆ ಪರದೇಶದ ಯುದ್ಧ ನಮ್ಮ ಮನೆ ಬಾಗಿಲಿಗೆ ಬರಲ್ಲ ಅಂತ ತಿಳಿದಿದ್ದಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವನು. ಬಂದೂಕು ಮುಟ್ಟಿದವನೂ ಅಲ್ಲ. ಹೆತ್ತವರು ಅವನ ದೇಹವನ್ನು ಇದೇ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು.

ಸೈನಿಕ ಹೀಗೆಲ್ಲ ಪ್ರಶ್ನೆ ಕೇಳಬಹುದಾ ಅಂತ ನೀನು ಕೇಳುತ್ತೀಯ. ಯೂನಿಫಾರ್ಮ್ ಹಾಕಿದ ಮೇಲೆ ಹೋಗು ಅಂದರೆ ಹೋಗಬೇಕು. ನಾನೂ ಹೋದೆ, ಮುಂದೆ ನೀನೂ ಹೋಗುತ್ತೀಯ. ಸೈನಿಕ ಯಾಕೆ ಅಂತ ಕೇಳದೆ ಹೋಗುತ್ತಾನೆ, ಅದಕ್ಕೇ ಅವನ ಪರವಾಗಿ ಉಳಿದವರು ಕೇಳಬೇಕು. ಪಾರ್ಲಿಮೆಂಟು ಕೇಳಬೇಕು, ಪತ್ರಿಕೆ ಕೇಳಬೇಕು, ಅಪ್ಪ ಅಮ್ಮ ಕೇಳಬೇಕು. ಮೇಲಿನ ಅಧಿಕಾರಿಗಳು ಒಳಗೆ ಕೂತು ಕೇಳಬೇಕು. ಕಾರ್ಲ್ ಐಕೆನ್‌ಬರಿ ಅಂತ ಒಬ್ಬರಿದ್ದರು. ಅಫ್ಘಾನಿಸ್ತಾನದಲ್ಲೇ ಪಡೆ ನಡೆಸಿದ ಅಮೆರಿಕದ ಜನರಲ್, ಆಮೇಲೆ ಕಾಬೂಲಿನಲ್ಲಿ ರಾಯಭಾರಿ. ಇನ್ನಷ್ಟು ಸೈನಿಕರು ಬೇಡ, ಇಲ್ಲಿಯ ಸರ್ಕಾರವೇ ಗಟ್ಟಿಯಿಲ್ಲ ಅಂತ 2009ರ ನವೆಂಬರ್‌ನಲ್ಲಿ ತಮ್ಮ ಸರ್ಕಾರಕ್ಕೆ ಬರೆದರು. ಅವರ ಮಾತು ಕೇಳಲಿಲ್ಲ, ಆದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳಿದರು. ನೀನು ಅಂಥ ಅಧಿಕಾರಿ ಆಗಬೇಕು ಅಂತ ನನ್ನಾಸೆ.

ಸಂದರ್ಶನದ ಗುಂಪು ಚರ್ಚೆಯಲ್ಲಿ ಯಾರಾದರೂ ಇನ್ನಷ್ಟು ಪಡೆ ಕಳಿಸಬೇಕು ಅಂದರೆ ಗಂಟಲು ಏರಿಸಬೇಡ. ಕ್ಲಿಫರ್ಡ್ ಕೇಳಿದ್ದನ್ನು ನಿನ್ನ ಮಾತಿನಲ್ಲಿ ಕೇಳು. ಜೊತೆಗೆ ನನ್ನದೊಂದು ಸೇರಿಸು: ಈಗ ಹೇಳುತ್ತಿರುವ ಕಾರಣ, ಮೊದಲ ತಂಡ ಹೋದಾಗ ಹೇಳಿದ ಕಾರಣವೇ ಹೌದಾ? ಎದುರಿಗೆ ಕೂತ ಕರ್ನಲ್‌ಗೆ ಸಿಟ್ಟು ಬರುತ್ತದೆ ಅಂತ ಹೆದರಬೇಡ. ಪಡೆ ನಡೆಸಿದವರಿಗೆ ಆ ಪ್ರಶ್ನೆಯ ಬೆಲೆ ಗೊತ್ತಿರುತ್ತದೆ.

ಮೂರನೇ ಪ್ಯಾರಾ ಪೂರ್ತಿ ಹೊಸದಾಗಿ ಬರೆದು ಕಳಿಸು. ನನ್ನ ಮಾತು ಒಪ್ಪದಿದ್ದರೆ ಯಾಕೆ ಅಂತ ಬರೆ, ಅದನ್ನೂ ಓದುತ್ತೇನೆ. ಬೆಳಗಿನ ಓಟ ಬಿಡಬೇಡ. ಭಾನುವಾರ ಬಿಡುವಾದರೆ ಬೆಳಿಗ್ಗೆ ಬಸ್ ಹತ್ತಿ ಬಾ, ಆ ಪ್ಯಾರಾ ಇಬ್ಬರೂ ಕೂತು ನೋಡೋಣ. ನಿಮ್ಮಪ್ಪ ಅಮ್ಮನಿಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ ಪ್ರೀತಿಯ,
ಮಾವ