ಫೋನ್ ಕನ್ಸಲ್ಟೇಶನ್ ಬಗ್ಗೆ, ಎಲ್ಲಾ ಡಾಕ್ಟರ್‌ಗಳು ಓದಿ

ಎಲ್ರಿಗೂ ನಮಸ್ಕಾರ. ನಿನ್ನೆ ಮೀಟಿಂಗ್‌ನಲ್ಲಿ ಸುಮಾರು ಜನ ಫೋನಲ್ಲಿ ನೋಡೋದು ರಿಸ್ಕು, ನಾಳೆ ಕೇಸ್ ಆದ್ರೆ ಯಾರು ಹೊಣೆ ಅಂದ್ರಿ, ಹೊಟ್ಟೆ ಮುಟ್ಟಿ ನೋಡದೆ ಹೇಗೆ ಹೇಳೋದು ಅನ್ನೋ ಮಾತು ನಂಗೂ ಒಪ್ಪಿಗೆನೇ, ಆದ್ರೆ ಕಾನೂನಿನ ಭಯ ಬೇಡ, 2020ರ ಮಾರ್ಚ್ 25ಕ್ಕೇ ಇದಕ್ಕೆ ಅವಕಾಶ ಕೊಡೋ ಕೇಂದ್ರದ ಗೈಡ್‌ಲೈನ್ಸ್ ಬಂದಿದೆ. ರೋಗಿನೇ ಕಾಲ್ ಮಾಡಿದ್ರೆ ಒಪ್ಪಿಗೆ ಕೊಟ್ಟ ಹಾಗೇ. ಚೀಟೀಲಿ ರಿಜಿಸ್ಟ್ರೇಷನ್ ನಂಬರ್ ಹಾಕಿ, ರೆಕಾರ್ಡ್ ಇಟ್ಕೊಳ್ಳಿ, ಶೆಡ್ಯೂಲ್ ಎಕ್ಸ್ (ದುರ್ಬಳಕೆ ಆಗೋ ಭಯ ಇರೋದ್ರಿಂದ ಕಟ್ಟುನಿಟ್ಟು ಮಾಡಿರೋ ಪಟ್ಟಿ) ಔಷಧಿ ಬರೀಲೇಬೇಡಿ, ಡೌಟ್ ಬಂದ್ರೆ ನೇರವಾಗಿ ಬನ್ನಿ ಅನ್ನೋ ಹಕ್ಕು ನಮ್ಗೆ ಇದ್ದೇ ಇದೆ. ಬಿಪಿ ಶುಗರ್ ಫಾಲೋಅಪ್‌ಗೆ ವಯಸ್ಸಾದೋರು ಒಂದಿನದ ಕೂಲಿ ಬಿಟ್ಟು ಎರಡು ಬಸ್ ಹತ್ತಿ ಬರೋದು ನೋಡಿದ್ರೆ ಸಂಕಟ ಆಗುತ್ತೆ, ಅವರಿಂದ್ಲೇ ಶುರು ಮಾಡೋಣ. ಇ-ಸಂಜೀವಿನಿ (ಸರ್ಕಾರದ ಆನ್‌ಲೈನ್ ಕನ್ಸಲ್ಟೇಶನ್ ವ್ಯವಸ್ಥೆ) ಲಾಗಿನ್ ಇಲ್ದೋರು ಶನಿವಾರದೊಳಗೆ ಇಲ್ಲೇ ಹೇಳಿ.